ಬ್ರಾಂಡೊ ಬಂದದ್ದರಿಂದ ಹಾಲಿವುಡ್ ನಟನೆಗೆ ಲಾಭವಾಯಿತೇ?

ಪರ

ಹಾಲಿವುಡ್ ನಟ ಬ್ರಾಂಡೊ ಪರವಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನ ಮನೆಯ ಕಪಾಟಿನಲ್ಲಿ ಮರ್ಲನ್ ಬ್ರಾಂಡೊನ ಚಿತ್ರಗಳಿಗಿಂತ ಹಳೆಯ ತಲೆಮಾರಿನ ನಟ ಕ್ಯಾರಿ ಗ್ರಾಂಟ್‌ನ ಚಿತ್ರಗಳೇ ಹೆಚ್ಚಿವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಒಂದು ಮಾತನ್ನು ಒಪ್ಪದೆ ವಿಧಿಯಿಲ್ಲ. 1951ರಲ್ಲಿ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ತೆರೆಕಂಡ ಮೇಲೆ ಪರದೆಯ ಮೇಲಿನ ಮನುಷ್ಯರು ನಿಲ್ಲುವ, ಕೂರುವ, ತಿನ್ನುವ, ಮಾತು ಸಿಗದೆ ತಡವರಿಸುವ ರೀತಿಯೇ ಬೇರೆಯಾಯಿತು. ಅದಕ್ಕೂ ಮೊದಲು ಹಾಲಿವುಡ್ಡಿನಲ್ಲಿ ಕೂಲಿಯಾಳೂ ಸಾಹುಕಾರನೂ ಒಂದೇ ಬಗೆಯಲ್ಲಿ, ಆಡಿ ಮುಗಿಸಿದ ವಾಕ್ಯಗಳಲ್ಲಿ ಮಾತನಾಡುತ್ತಿದ್ದರು.

ಅದಕ್ಕೆ ಕಾರಣವೂ ಇತ್ತು. 1927ರಿಂದ ಚಿತ್ರಗಳಿಗೆ ಮಾತು ಬಂತು. ಸ್ಟುಡಿಯೊಗಳು ನ್ಯೂಯಾರ್ಕಿನ ರಂಗಭೂಮಿಯಿಂದ ನಟರನ್ನು ಕರೆತಂದವು, ಉಚ್ಚಾರಣೆ ತಿದ್ದುವವರನ್ನು ಸಂಬಳಕ್ಕಿಟ್ಟುಕೊಂಡವು. ಮಾತು ಸ್ಪಷ್ಟವಾಯಿತು, ಮುಖಕ್ಕೆ ಬೆಳಕು ಚೆನ್ನಾಗಿ ಬಿತ್ತು. ಆದರೆ ಹಡಗುಕಟ್ಟೆಯಲ್ಲಿ ಮೂಟೆ ಇಳಿಸುವವನು ಹಾಗೆ ಮಾತನಾಡುವುದಿಲ್ಲ. ನಿಜ ಬದುಕಿನಲ್ಲಿ ಮನುಷ್ಯ ಹೇಳಬೇಕಾದದ್ದನ್ನು ಬಿಟ್ಟು ಇನ್ನೇನನ್ನೋ ಹೇಳುತ್ತಾನೆ, ಕೈಗೆ ಸಿಕ್ಕಿದ್ದನ್ನು ತಿರುವುತ್ತಾ ನಿಲ್ಲುತ್ತಾನೆ.

ಎಲಿಯಾ ಕಜಾನ್ ನಿರ್ದೇಶಿಸಿದ ‘ಆನ್ ದ ವಾಟರ್‌ಫ್ರಂಟ್’ನಲ್ಲಿ (1954) ಈಡಿಯ ಪಾತ್ರ ಮಾಡಿದವಳು ಈವಾ ಮೇರಿ ಸೇಂಟ್. ಅದು ಆಕೆಯ ಮೊದಲ ಚಿತ್ರ. ನ್ಯೂಜೆರ್ಸಿಯ ಹೊಬೊಕೆನ್‌ನ ಚಳಿಯಲ್ಲಿ ಬ್ರಾಂಡೊನ ಟೆರ್‍ರಿ ಆ ಹುಡುಗಿಯ ಜೊತೆ ಪಾರ್ಕಿನಲ್ಲಿ ನಡೆಯುತ್ತಿದ್ದಾನೆ. ಅವಳ ಅಣ್ಣನ ಕೊಲೆಗೆ ತಾನು ತಿಳಿಯದೆ ದಾರಿ ಮಾಡಿಕೊಟ್ಟವನು ಎಂಬುದು ಅವನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅವಳ ಕೈಗವಸು ಕೆಳಗೆ ಬೀಳುತ್ತದೆ. ಅವನು ಅದನ್ನು ಎತ್ತಿಕೊಂಡು ಮಣ್ಣು ಕೊಡವುತ್ತಾನೆ, ಆದರೆ ಹಿಂದಿರುಗಿಸುವುದಿಲ್ಲ. ಉಯ್ಯಾಲೆಯ ಮೇಲೆ ಕುಳಿತು, ಮಾತನಾಡುತ್ತಲೇ ಅದನ್ನು ತನ್ನ ದಪ್ಪ ಕೈಗೆ ತೊಡಿಸಿಕೊಳ್ಳುತ್ತಾನೆ. ಕೈಗವಸು ಅವನ ಬಳಿ ಇರುವಷ್ಟು ಹೊತ್ತು ಹುಡುಗಿ ಹೋಗುವಂತಿಲ್ಲ. ‘ನೀನು ನನಗೆ ಬೇಕು’ ಎಂದು ಅವನು ಬಾಯಿಬಿಟ್ಟು ಹೇಳುವುದೇ ಇಲ್ಲ. ಆ ಕೈಗವಸು ಬಿದ್ದದ್ದು ಆಕಸ್ಮಿಕ ಎಂದು ಕಜಾನನೇ ಹೇಳಿದ್ದಾನೆ. ಬಿದ್ದದ್ದು ಆಕಸ್ಮಿಕವಾದರೂ ಎತ್ತಿಕೊಂಡು ಇಟ್ಟುಕೊಂಡದ್ದು ಆಕಸ್ಮಿಕವಲ್ಲ.

ನಾನು ಹವ್ಯಾಸಿ ನಾಟಕ ತಂಡವೊಂದರಲ್ಲಿ ಬೆಳೆದವನು. ಪ್ರೇಕ್ಷಕರಿಗೆ ಬೆನ್ನು ತೋರಿಸಬೇಡ, ಕೊನೆಯ ಸಾಲಿಗೆ ಕೇಳುವಂತೆ ಮಾತನಾಡು, ಮಾತನಾಡುವಾಗ ಕೈಯಲ್ಲಿ ಏನನ್ನೂ ಹಿಡಿಯಬೇಡ: ಇವು ನಮಗೆ ಹೇಳಿಕೊಟ್ಟ ಪಾಠಗಳು. ಇವು ತಪ್ಪು ಪಾಠಗಳೇನೂ ಅಲ್ಲ, ರಂಗಕ್ಕೆ ಬೇಕಾದವೇ. ಆದರೆ ಕ್ಯಾಮೆರಾ ಕೊನೆಯ ಸಾಲಿನಲ್ಲಿ ಕುಳಿತಿರುವುದಿಲ್ಲ, ನಟನ ಮೂಗಿನ ಮುಂದೆಯೇ ಇರುತ್ತದೆ. ಇದನ್ನು ನನಗೆ ಮನದಟ್ಟು ಮಾಡಿದ್ದು ಆ ಉಯ್ಯಾಲೆಯ ದೃಶ್ಯ.

ಬ್ರಾಂಡೊನ ಮೇಲೆ ಹೊರಿಸುವ ದೊಡ್ಡ ಆರೋಪವೆಂದರೆ, ಅವನು ತನ್ನ ನೋವನ್ನೇ ಕೆದಕಿಕೊಂಡು ಕೂತ ಸ್ವಾರ್ಥಿ ನಟ ಎಂಬುದು. ಇದು ಸರಿಯಲ್ಲ. ನ್ಯೂಯಾರ್ಕಿನ ನಟನಾ ಸಂಸ್ಥೆ ಆಕ್ಟರ್ಸ್ ಸ್ಟುಡಿಯೊ ಮತ್ತು ಸ್ವಂತ ನೋವನ್ನು ನೆನೆದು ನಟಿಸಲು ಅಲ್ಲಿ ಕಲಿಸಿದ ಲೀ ಸ್ಟ್ರಾಸ್‌ಬರ್ಗ್ ಹೆಸರನ್ನು ಅವನಿಗೆ ಅಂಟಿಸುತ್ತಾರೆ. ಆದರೆ ಬ್ರಾಂಡೊ ಗುರು ಎಂದು ನೆನೆದದ್ದು ಸ್ಟೆಲ್ಲಾ ಆಡ್ಲರ್‌ಳನ್ನು. ಆಕೆ 1934ರಲ್ಲಿ ಪ್ಯಾರಿಸ್ಸಿಗೆ ಹೋಗಿ ರಷ್ಯಾದ ನಟನಾ ಗುರು ಸ್ತಾನಿಸ್ಲಾವ್‌ಸ್ಕಿಯಿಂದಲೇ ಕಲಿತು ಬಂದವಳು. ನಿನ್ನ ಹಳೆಯ ದುಃಖವನ್ನು ಅಗೆಯಬೇಡ, ಪಾತ್ರದ ಸನ್ನಿವೇಶವನ್ನು ಕಲ್ಪಿಸಿಕೋ ಎಂಬುದು ಆಕೆಯ ಬೋಧನೆಯ ತಿರುಳು. ಅವನಿಗೆ ಗೊಣಗುವುದು ಬಿಟ್ಟು ಬೇರೇನೂ ಬರುವುದಿಲ್ಲ ಎನ್ನುವವರು 1953ರ ‘ಜೂಲಿಯಸ್ ಸೀಸರ್’ ನೋಡಲಿ. ಜಾನ್ ಗೀಲ್‌ಗುಡ್‌ನಂಥ ಶೇಕ್ಸ್‌ಪಿಯರ್ ನಟನಿದ್ದ ಚಿತ್ರದಲ್ಲಿ ಮಾರ್ಕ್ ಆಂಟನಿಯಾಗಿ ನಿಂತು ಅವನು ಒಂದೊಂದು ಸಾಲನ್ನೂ ಬಿಡಿಸಿ ಹೇಳಿದ್ದಾನೆ. 1951ರಿಂದ 1954ರ ಚಿತ್ರಗಳಿಗೆ ಸತತ ನಾಲ್ಕು ವರ್ಷ ಆಸ್ಕರ್ ನಾಮನಿರ್ದೇಶನ ಪಡೆದು, ನಾಲ್ಕನೆಯದರಲ್ಲಿ ಗೆದ್ದ.

‘ಸ್ಟ್ರೀಟ್‌ಕಾರ್’ನಲ್ಲಿ ವಿವಿಯನ್ ಲೀಗೆ ಪ್ರಶಸ್ತಿ ಬಂತು, ಕಾರ್ಲ್ ಮಾಲ್ಡನ್‌ಗೂ ಕಿಮ್ ಹಂಟರ್‌ಗೂ ಬಂತು, ಬ್ರಾಂಡೊಗೆ ಬರಲಿಲ್ಲ. ಲೀ ಆ ಚಿತ್ರದಲ್ಲಿ ನನ್ನನ್ನು ಬ್ರಾಂಡೊಗಿಂತ ಹೆಚ್ಚು ಕಲಕುತ್ತಾಳೆ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಹಳೆಯ ಪದ್ಧತಿಯ ಆ ನಟಿ ಅಷ್ಟು ಎತ್ತರಕ್ಕೆ ಏರಿದ್ದು ಎದುರಿಗೆ ಅವನಿದ್ದುದರಿಂದ. ಬಾರ್ಬರಾ ಸ್ಟೆನ್‌ವಿಕ್, ಸ್ಪೆನ್ಸರ್ ಟ್ರೇಸಿ ಎಂದು ಹಳೆಯ ನಟರ ಒಂದೆರಡು ಹೆಸರು ಹೇಳಿ ವಾದ ಮುಗಿಸುವವರಿದ್ದಾರೆ. ಅಪವಾದಗಳು ಎಲ್ಲ ಕಾಲದಲ್ಲೂ ಇರುತ್ತವೆ. ನಾನು ಹೇಳುತ್ತಿರುವುದು ಪದ್ಧತಿಯ ಮಾತು. ನಿಜ ಬದುಕಿನ ಹಾಗೆ ನಟಿಸಬಹುದು ಎಂಬ ಧೈರ್ಯವನ್ನು ನೂರಾರು ನಟರಿಗೆ ಕೊಟ್ಟವನು ಬ್ರಾಂಡೊ. ಅಷ್ಟರ ಮಟ್ಟಿಗೆ ಲಾಭವೇ.

ವಿರೋಧ

ಬ್ರಾಂಡೊ ಬಂದಮೇಲೆ ನಟನೆ ನಿಜವಾಯಿತು ಎನ್ನುವವರು ಅದಕ್ಕೆ ಮುಂಚಿನದೆಲ್ಲ ಸುಳ್ಳು ಎಂದು ನಮ್ಮನ್ನು ನಂಬಿಸಲು ಹೊರಟಿದ್ದಾರೆ. ಈ ಮಾತು ನನ್ನನ್ನು ಕೆರಳಿಸುತ್ತದೆ. ಬ್ರಾಂಡೊನ ಮೊದಲ ಚಿತ್ರ ಬಂದದ್ದು 1950ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು, ಯುದ್ಧದಲ್ಲಿ ಯುರೋಪಿನ ಮೇಲೆ ಬಾಂಬರ್ ವಿಮಾನ ಹಾರಿಸಿ ಬಂದಿದ್ದ ಜೇಮ್ಸ್ ಸ್ಟೂವರ್ಟ್ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ನಲ್ಲಿ ಪಾನಗೃಹದ ಕಟ್ಟೆಗೆ ಒರಗಿ ಕುಳಿತು, ದಾರಿ ತೋರಿಸೆಂದು ದೇವರನ್ನು ಕೇಳುತ್ತಾನೆ. ಬಾಯಿಯ ಮೇಲೆ ಮುಷ್ಟಿ ಒತ್ತಿಕೊಂಡಿದ್ದಾನೆ. ದನಿ ಒಡೆಯುತ್ತದೆ. ಆ ಅಳು ತನಗೇ ತಿಳಿಯದೆ ಬಂತು ಎಂದು ಸ್ಟೂವರ್ಟ್ ಆಮೇಲೆ ಹೇಳಿಕೊಂಡಿದ್ದಾನೆ. ಕ್ಯಾಮೆರಾ ದೂರದಲ್ಲಿತ್ತು. ಅದನ್ನೇ ಇನ್ನೊಮ್ಮೆ ಮಾಡಿಸಲು ಆಗದೆಂದು ನಿರ್ದೇಶಕ ಫ್ರಾಂಕ್ ಕಾಪ್ರಾ ಚಿತ್ರಿಸಿದ ಫಿಲ್ಮನ್ನೇ ಲ್ಯಾಬಿನಲ್ಲಿ ಹಿಗ್ಗಿಸಿ ಮುಖವನ್ನು ಹತ್ತಿರ ತಂದ. ಆ ಭಾಗದಲ್ಲಿ ಚಿತ್ರ ತುಸು ತರಿತರಿಯಾಗಿರುವುದು ಅದಕ್ಕೇ. ಇದು ನಿಜವಲ್ಲದಿದ್ದರೆ ಯಾವುದು ನಿಜ?

ಈಗ ಬಾರ್ಬರಾ ಸ್ಟೆನ್‌ವಿಕ್. ಬ್ರೂಕ್ಲಿನ್‌ನಲ್ಲಿ 1907ರಲ್ಲಿ ಹುಟ್ಟಿದವಳು. ನಾಲ್ಕು ವರ್ಷದವಳಿದ್ದಾಗ ತಾಯಿ ಟ್ರಾಮಿನಿಂದ ಬಿದ್ದು ಸತ್ತಳು, ತಂದೆ ಪನಾಮಾ ಕಾಲುವೆ ಅಗೆಯಲು ಹೋದವನು ಬರಲಿಲ್ಲ. ಹದಿಹರೆಯದಲ್ಲೇ ಕುಣಿದು ಸಂಪಾದಿಸಿದಳು. ನಟನಾ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆಕೆಯ ಮೊದಲ ಟೇಕ್ ಯಾವಾಗಲೂ ಉಳಿದವುಗಳಿಗಿಂತ ಚೆನ್ನಾಗಿರುತ್ತದೆ ಎಂಬುದನ್ನು ಕಂಡುಕೊಂಡ ಕಾಪ್ರಾ, ಉಳಿದ ನಟರಿಗೆ ಆಕೆಯಿಲ್ಲದೆ ತಾಲೀಮು ಮಾಡಿಸಿ, ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಇಟ್ಟು, ಆ ಮೊದಲ ಟೇಕನ್ನೇ ಹಿಡಿಯುತ್ತಿದ್ದ. ಸ್ತಾನಿಸ್ಲಾವ್‌ಸ್ಕಿಯನ್ನು ಕಾಣಲು ಪ್ಯಾರಿಸ್ಸಿಗೆ ಹೋದವರ ಕಥೆ ಹೇಳುವವರು ಇದನ್ನೂ ಒಂದಿಷ್ಟು ಹೇಳಬೇಕು.

‘ಸ್ಟೆಲ್ಲಾ ಡಲ್ಲಾಸ್’ (1937) ಚಿತ್ರವನ್ನು ನಾನು ನಮ್ಮ ಅಮ್ಮನ ಜೊತೆ ಕುಳಿತು ನೋಡಿದೆ. ಅಮ್ಮ ಓದಿದ್ದು ನಾಲ್ಕನೆಯ ತರಗತಿ. ಇಂಗ್ಲಿಷಿನ ಗಂಧವಿಲ್ಲ. ಮೊದಮೊದಲು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಮ್ಮ, “ನೀನು ಸುಮ್ಮನಿರು, ನನಗೆ ತಿಳಿಯುತ್ತಿದೆ” ಎಂದರು. ಸ್ಟೆಲ್ಲಾ ಕಾರ್ಖಾನೆ ಕೂಲಿಯವನ ಮಗಳು, ಮದುವೆಯಾಗಿ ದೊಡ್ಡ ಮನೆತನಕ್ಕೆ ಸೇರಿದವಳು. ಕಣ್ಣಿಗೆ ಹೊಡೆಯುವ ಬಟ್ಟೆ, ಜೋರು ದನಿ. ಮಗಳನ್ನು ಪ್ರಾಣದಂತೆ ಸಾಕಿದ್ದಾಳೆ. ರಾತ್ರಿ ರೈಲಿನಲ್ಲಿ ಪರದೆಯ ಆಚೆ ಮಗಳ ಗೆಳತಿಯರು ಈ ಅಮ್ಮನ ವೇಷವನ್ನು ಆಡಿಕೊಂಡು ನಗುತ್ತಾರೆ. ತಾಯಿಗೂ ಕೇಳಿಸುತ್ತದೆ, ಮಗಳಿಗೂ ಕೇಳಿಸುತ್ತದೆ. ಅಮ್ಮನಿಗೆ ಕೇಳಿಸಿತೋ ಏನೋ ಎಂದು ಮಗಳು ಎದ್ದು ಬಂದು ನೋಡುತ್ತಾಳೆ. ಸ್ಟೆಲ್ಲಾ ಕಣ್ಣು ಮುಚ್ಚಿ ನಿದ್ದೆ ಹೋದವಳಂತೆ ಮಲಗಿರುತ್ತಾಳೆ. ಮಗಳು ಮುತ್ತಿಟ್ಟು ಪಕ್ಕದಲ್ಲೇ ಮುದುಡಿಕೊಳ್ಳುತ್ತಾಳೆ.

“ಎಚ್ಚರವಾಗಿಯೇ ಇದ್ದಾಳೆ ಕಣೇ,” ಎಂದರು ಅಮ್ಮ. “ಮಗಳಿಗೆ ಗೊತ್ತಾಗಬಾರದು, ಅದಕ್ಕೇ.”

ಆಮೇಲೆ ಚಿತ್ರ ನಿಲ್ಲಿಸು ಎಂದರು. ಅಕ್ಕನ ನಿಶ್ಚಿತಾರ್ಥದ ದಿನದ ಮಾತು ತೆಗೆದರು. ಗಂಡಿನ ಕಡೆಯ ಇಬ್ಬರು ಹೆಂಗಸರು ಹಜಾರದಲ್ಲಿ ಕುಳಿತು ಅಮ್ಮನ ಸೀರೆಯ ಬಗ್ಗೆ, ಬಡಿಸುವಾಗ ಅವರು ತಟ್ಟೆ ಹಿಡಿದ ರೀತಿಯ ಬಗ್ಗೆ ಏನೋ ಆಡಿ ನಕ್ಕಿದ್ದರಂತೆ. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಅಮ್ಮನಿಗೆ ಎಲ್ಲವೂ ಕೇಳಿಸಿತ್ತು. ಅಕ್ಕ ಒಳಗೆ ಬಂದು ಮುಖ ನೋಡಿದಾಗ ಅಮ್ಮ ಕುಕ್ಕರಿನ ಗ್ಯಾಸ್ಕೆಟ್ ಸರಿಯಿಲ್ಲ ಎಂದು ಗೊಣಗುತ್ತಾ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರಂತೆ. ಅಕ್ಕನಿಗೆ ಇವತ್ತಿಗೂ ಈ ವಿಷಯ ತಿಳಿಯದು. ಅಷ್ಟು ವರ್ಷ ಅಮ್ಮ ಯಾರ ಬಳಿಯೂ ಹೇಳದ ಮಾತು ಅದು. ನಾವು ಮಕ್ಕಳು ಆ ಮದುವೆಯ ಫೋಟೊಗಳನ್ನು ಎಷ್ಟು ಸಲ ನೋಡಿದ್ದೇವೆ, ಅವುಗಳಲ್ಲಿ ನಗುತ್ತಾ ನಿಂತ ಅಮ್ಮನ ಮುಖದಲ್ಲಿ ಏನೂ ಕಂಡಿರಲಿಲ್ಲ. ಭಾಷೆ ಬಾರದ, ಬೇರೆ ದೇಶದ, ಕಪ್ಪುಬಿಳುಪಿನ ಒಬ್ಬ ನಟಿ ಕಣ್ಣು ಮುಚ್ಚಿ ಮಲಗಿ ಅದನ್ನು ಹೊರತೆಗೆದಳು. ಗಮನಿಸಿ, ಆ ದೃಶ್ಯದಲ್ಲಿ ಆಕೆಗೆ ಮಾತಿಲ್ಲ, ಚಲನೆಯಿಲ್ಲ, ನಟರ ದೊಡ್ಡ ಆಸ್ತಿ ಎನ್ನುವ ಕಣ್ಣುಗಳೂ ಇಲ್ಲ.

ಕೊನೆಯಲ್ಲಿ ಸ್ಟೆಲ್ಲಾ ಮಳೆಯಲ್ಲಿ ಬೇಲಿಯ ಹೊರಗೆ ನಿಂತು, ಕಿಟಕಿಯೊಳಗೆ ಮಗಳ ಮದುವೆ ನೋಡುತ್ತಾಳೆ. ಪೊಲೀಸಿನವನು ಹೋಗು ಎನ್ನುತ್ತಾನೆ. ಇನ್ನೊಂದು ಗಳಿಗೆ ಎಂದು ಬೇಡಿಕೊಳ್ಳುತ್ತಾಳೆ, ಕರವಸ್ತ್ರವನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಾಳೆ. ಕರವಸ್ತ್ರ! ಕೈಗೆ ಸಿಕ್ಕ ವಸ್ತುವಿನಿಂದ ಮನಸ್ಸು ತೋರಿಸುವ ವಿದ್ಯೆಯನ್ನು ಬ್ರಾಂಡೊ 1954ರಲ್ಲಿ ಕಂಡುಹಿಡಿದ ಎಂದು ಇನ್ನು ಯಾರೂ ಹೇಳಬಾರದು. ಆಸ್ಕರ್‌ಗೆ ಆಕೆಯ ಹೆಸರು ನಾಲ್ಕು ಸಲ ಬಂತು, ಒಮ್ಮೆಯೂ ಕೊಡಲಿಲ್ಲ. 1982ರಲ್ಲಿ ಗೌರವ ಪ್ರಶಸ್ತಿ ಕೊಟ್ಟರು.

ಅಮ್ಮನಿಗೆ ‘ವಾಟರ್‌ಫ್ರಂಟ್’ ಕೂಡ ತೋರಿಸಿದೆ. ಅರ್ಧಕ್ಕೆ ಎದ್ದು, “ಆ ಹುಡುಗ ಯಾಕೆ ಸದಾ ಹಲ್ಲುನೋವು ಬಂದವನ ಹಾಗಿರುತ್ತಾನೆ?” ಎಂದು ಕೇಳಿ ಒಳಗೆ ಹೋದರು. ನನಗೆ ಇದಕ್ಕಿಂತ ಬೇರೆ ವಿಮರ್ಶೆ ಬೇಕಾಗಿಲ್ಲ. ಮೈ ಕೆರೆದುಕೊಳ್ಳುವುದು, ಮಾತು ನುಂಗುವುದು, ಒಂದು ವಾಕ್ಯಕ್ಕೆ ಮೂರು ಸಲ ನಿಲ್ಲುವುದು, ಇದನ್ನೇ ಆಳ ಎಂದು ನಂಬಿಸಲಾಯಿತು. ಅವನ ಹಿಂದೆ ಬಂದವರು ಅದನ್ನೇ ಕಲಿತರು.

ಇನ್ನೊಂದು ವಿಷಯ ನನಗೆ ಮುಖ್ಯ, ಅದು ಸೌಜನ್ಯ. ‘ವಾಟರ್‌ಫ್ರಂಟ್’ನ ಟ್ಯಾಕ್ಸಿಯ ದೃಶ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ತನ್ನ ಭಾಗ ಮುಗಿದ ಮೇಲೆ ಬ್ರಾಂಡೊ ಹೊರಟುಹೋದ, ನಾಯಕನ ಅಣ್ಣನ ಪಾತ್ರದ ರಾಡ್ ಸ್ಟೈಗರ್ ತನ್ನ ಕ್ಲೋಸ್‌ಅಪ್‌ಗಳನ್ನು ಅವನಿಲ್ಲದೆ ಮಾಡಬೇಕಾಯಿತು. ಸ್ಟೈಗರ್ ಇದನ್ನು ಬಹುಕಾಲ ಮರೆಯಲಿಲ್ಲ. 1972ರ ‘ದ ಗಾಡ್‌ಫಾದರ್’ ಹೊತ್ತಿಗೆ ಬ್ರಾಂಡೊ ಸಂಭಾಷಣೆಯನ್ನು ಚೀಟಿಗಳಲ್ಲಿ ಬರೆಸಿ ಎದುರಿಗೆ ಅಂಟಿಸಿಕೊಂಡು ಓದುತ್ತಿದ್ದ.

ಸ್ಪೆನ್ಸರ್ ಟ್ರೇಸಿಯನ್ನು ನೋಡಿ. 1961ರ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ನಲ್ಲಿ ಅವನು ನ್ಯಾಯಾಧೀಶ. ನಾಜಿಗಳ ಕೈಯಲ್ಲಿ ಹಾಳಾದ ಸಾಕ್ಷಿಯಾಗಿ ಬಂದವನು ಮಾಂಟ್ಗಮರಿ ಕ್ಲಿಫ್ಟ್, ಬ್ರಾಂಡೊಗೂ ಮುಂಚೆ ತೆರೆಗೆ ಬಂದ ಹೊಸ ಪದ್ಧತಿಯ ನಟ. 1956ರ ಕಾರು ಅಪಘಾತದ ನಂತರ ಕ್ಲಿಫ್ಟ್ ಜರ್ಝರಿತನಾಗಿದ್ದ, ಸಾಲುಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಸಾಲು ಮರೆತರೆ ಮರೆಯಲಿ, ಮಾತು ಸಿಗದಾಗ ಟ್ರೇಸಿಯ ಕಡೆ ತಿರುಗಿ ಅವನಿಗೇ ಹೇಳು ಎಂದು ನಿರ್ದೇಶಕ ಸ್ಟ್ಯಾನ್ಲಿ ಕ್ರೇಮರ್ ಅವನಿಗೆ ಹೇಳಿಕೊಟ್ಟ. ಟ್ರೇಸಿ ಎದುರಿಗೆ ಕುಳಿತು ಕೇಳಿಸಿಕೊಂಡ. ಆ ದೃಶ್ಯ ನೋಡಿದರೆ ಕೇಳಿಸಿಕೊಳ್ಳುವುದು ಎಷ್ಟು ದೊಡ್ಡ ನಟನೆ ಎಂದು ತಿಳಿಯುತ್ತದೆ. ಹೊಸ ಪದ್ಧತಿಯ ನಟನನ್ನು ಅಂದು ಎತ್ತಿ ಹಿಡಿದದ್ದು ಹಳೆಯ ಪದ್ಧತಿ. ವಿವಿಯನ್ ಲೀ ಮೇಲೇರಿದ್ದು ಬ್ರಾಂಡೊನಿಂದ ಎನ್ನುವ ಮಾತಿಗೆ ನನ್ನ ಬಳಿ ಇರುವ ಉತ್ತರ ಇದೇ.

ಹಳಬರು ಮುಗಿದ ವಾಕ್ಯಗಳಲ್ಲಿ ಮಾತನಾಡುತ್ತಿದ್ದರು ಎಂಬ ಆರೋಪವಂತೂ ನಿಲ್ಲುವುದೇ ಇಲ್ಲ. ಹೊವಾರ್ಡ್ ಹಾಕ್ಸ್ ನಿರ್ದೇಶಿಸಿದ ‘ಹಿಸ್ ಗರ್ಲ್ ಫ್ರೈಡೆ’ (1940) ಹಾಕಿ ಐದು ನಿಮಿಷ ನೋಡಿ. ಕ್ಯಾರಿ ಗ್ರಾಂಟ್ ಮತ್ತು ರೊಸಲಿಂಡ್ ರಸೆಲ್ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹೇರುತ್ತಾ ಓಡುತ್ತಾರೆ, ವಾಕ್ಯ ಮುಗಿಸಲು ಯಾರಿಗೂ ಬಿಡುವಿಲ್ಲ. ಗ್ರಾಂಟ್ ಹುಡುಗನಾಗಿದ್ದಾಗ ಬ್ರಿಸ್ಟಲ್‌ನಿಂದ ದೊಂಬರಾಟದ ತಂಡ ಸೇರಿ ಲಾಗ ಹಾಕುವುದನ್ನು ಕಲಿತವನು. ಸರಿಯಾದ ಕ್ಷಣ ಹಿಡಿಯುವ ಆ ಜಾಣ್ಮೆ ಅವನ ಮಾತಿನಲ್ಲೂ ಇದೆ. ಅವನಿಗೆ ಎರಡು ಸಲ ನಾಮನಿರ್ದೇಶನ ಬಂತು, ಎರಡೂ ದುಃಖದ ಚಿತ್ರಗಳಿಗೆ. ನಗಿಸುವುದು ಕೀಳು, ಅಳುವುದು ಮೇಲು ಎಂಬ ಭಾವನೆ ಮೊದಲೇ ಇತ್ತು. ಬ್ರಾಂಡೊ ಬಂದು ಅದಕ್ಕೆ ಮುದ್ರೆ ಒತ್ತಿದ. ಸಂಕಟಪಡದವನು ನಟನೇ ಅಲ್ಲ ಎಂಬಂತಾಯಿತು. ಗ್ರಾಂಟ್‌ಗೆ ಗೌರವ ಪ್ರಶಸ್ತಿ ಸಿಕ್ಕಿದ್ದು 1970ರಲ್ಲಿ, ಅವನು ನಟನೆ ಬಿಟ್ಟ ಮೇಲೆ. ಬ್ರಾಂಡೊನ ಕೈಯಲ್ಲಿ ಹಾಸ್ಯ ಏನಾಯಿತು ಎಂದು ತಿಳಿಯಬೇಕಾದವರು 1967ರ ‘ಎ ಕೌಂಟೆಸ್ ಫ್ರಮ್ ಹಾಂಗ್‌ಕಾಂಗ್’ ನೋಡಬಹುದು. ನಿರ್ದೇಶಕ ಚಾರ್ಲಿ ಚಾಪ್ಲಿನ್, ಎದುರಿಗೆ ಸೋಫಿಯಾ ಲೊರೆನ್. ಇಡೀ ಚಿತ್ರದಲ್ಲಿ ಅವನ ಮುಖ ಒಮ್ಮೆಯೂ ಹಗುರಾಗುವುದಿಲ್ಲ.