ಕಮಾನಿಗೆ ನನ್ನ ಕಾಸಿಲ್ಲ

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂತು ಅಂದರೆ ಕಾರವಾರದಲ್ಲಿ ಫ್ಲೆಕ್ಸ್ ಅಂಗಡಿಯವರಿಗೆ ಪುರುಸೊತ್ತಿರುವುದಿಲ್ಲ. ಸಾಲಾಗಿ ಪಾಸ್‌ಪೋರ್ಟ್ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ಅಂಕ. ನಾನು ಓದಿದ ಕಾನ್ವೆಂಟ್ ಹೈಸ್ಕೂಲಿನ ಗೇಟಿಗೂ ಒಂದು ಕಟ್ಟುತ್ತಾರೆ. ಕಟ್ಟಲಿ, ಮಕ್ಕಳು ಕಷ್ಟಪಟ್ಟು ಓದಿದ್ದಾರೆ. 2025ರಲ್ಲಿ ಇಡೀ ರಾಜ್ಯದಲ್ಲಿ 625ಕ್ಕೆ 625 ತೆಗೆದವರು 22 ಮಕ್ಕಳು. ಅವರಲ್ಲಿ ಒಬ್ಬಳು ನಮ್ಮ ಶಿರಸಿಯ ಸರ್ಕಾರಿ ಉರ್ದು ಪ್ರೌಢಶಾಲೆಯ ಹುಡುಗಿ. ಆ ಸುದ್ದಿ ಓದಿದ ದಿನ ಕಂಡಕಂಡವರಿಗೆಲ್ಲ ಫಾರ್ವರ್ಡ್ ಮಾಡಿದವಳು ನಾನು. ಹಾಗಾಗಿ ಅಂಕದ ಮೇಲೆ ನನಗೆ ಸಿಟ್ಟೇನೂ ಇಲ್ಲ.

ತಕರಾರು ಬೇರೆ ಇದೆ. ನಮ್ಮ ಹಳೇ ವಿದ್ಯಾರ್ಥಿನಿಯರ ವಾಟ್ಸಾಪ್ ಗ್ರೂಪಿನಲ್ಲಿ ಈಗ ಶಾಲೆಗೆ ಕಮಾನು ಕಟ್ಟಿಸುವ ಮಾತು ಜೋರಾಗಿದೆ. ಕಮಾನಿನ ಪಕ್ಕ ಗ್ರಾನೈಟ್ ಫಲಕ, ಅದರಲ್ಲಿ ಪ್ರತಿ ಬ್ಯಾಚಿನ ಫಸ್ಟ್ ಬಂದವರ ಹೆಸರು. ಎಲ್ಲರೂ ದುಡ್ಡು ಹಾಕಬೇಕಂತೆ. ನಾನು ಹಾಕುವುದಿಲ್ಲ ಅಂದೆ. ಯಾಕೆ ಅಂತ ಗ್ರೂಪಿನಲ್ಲಿ ಬರೆದರೆ ಗುಡ್ ಮಾರ್ನಿಂಗ್ ಮೆಸೇಜುಗಳಡಿ ಮುಚ್ಚಿಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ನನ್ನ ಅಜ್ಜಿ ಆ ಕಾಲದಲ್ಲಿ ಮರಾಠಿ ನಾಲ್ಕನೇ ಇಯತ್ತೆ ಕಲಿತವಳು. ಮುಂದೆ ಕಳಿಸಲಿಲ್ಲ. ನನ್ನನ್ನು ಹೈಸ್ಕೂಲಿಗೆ ಹಾಕುವಾಗಲೂ ಮನೆಯಲ್ಲಿ ಆದ ಮಾತು ಒಂದೇ, 'ಹುಡುಗಿಯರ ಶಾಲೆ, ಸಿಸ್ಟರ್‌ಗಳು ಇದ್ದಾರೆ, ತೊಂದರೆ ಇಲ್ಲ.' ಹೆದರಿಕೆಯಿಂದ ಬಂದ ಮಾತೇ ಅದು. ಆದರೂ ಎಷ್ಟೋ ಹುಡುಗಿಯರಿಗೆ ಬಾಗಿಲು ತೆರೆದದ್ದು ಅದೇ ಮಾತಿನಿಂದ. ನಮ್ಮ ಕ್ಲಾಸಿನಲ್ಲಿ ಕ್ರಿಶ್ಚಿಯನ್ನರಿಗಿಂತ ಬೇರೆಯವರೇ ಜಾಸ್ತಿ. ಕ್ರಿಶ್ಚಿಯನ್ ಹುಡುಗಿಯರು ದೊತೊರ್ನಿಗೆ, ಅಂದರೆ ಅವರ ಧರ್ಮಪಾಠಕ್ಕೆ, ಹೋಗುವ ಹೊತ್ತಿಗೆ ನಮಗೆ ನೀತಿಪಾಠ. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ ಬೇರೆ ಇತ್ತು, ಅದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ. ಕೊಂಕಣಿ ಮಾತಾಡಿದ್ದಕ್ಕೆ ಸಿಸ್ಟರ್ ನಮಗೆ ಬೈಯುತ್ತಿದ್ದದ್ದು ಕೊಂಕಣಿಯಲ್ಲೇ!

'ಬರೀ ಹುಡುಗಿಯರ ಜೊತೆ ಓದಿದವರು ಹೊರಗೆ ಬಂದಮೇಲೆ ಬೆಪ್ಪಾಗ್ತಾರೆ' ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾನು ಕಂಡದ್ದು ಉಲ್ಟಾ. ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಬಂದರೆ ಕ್ಲಾಸಿನಿಂದ ಬೆಂಚು ಹೊತ್ತು ತರುವವರು ನಾವೇ. ಏಣಿ ಹತ್ತಿ ಪರದೆ ಕಟ್ಟುವವರು ನಾವೇ. ಮೈಕ್ ಕೈಕೊಟ್ಟರೆ ವಯರ್ ಅಲ್ಲಾಡಿಸಿ ನೋಡುವವರೂ ನಾವೇ. ನಾಟಕದಲ್ಲಿ ರಾಜ, ಕಳ್ಳ, ಪೊಲೀಸ್, ಕ್ರಿಸ್‌ಮಸ್ ಬಂದರೆ ಗಡ್ಡ ಅಂಟಿಸಿಕೊಂಡ ಜೋಸೆಫ್, ಎಲ್ಲಾ ನಾವೇ. 'ಇದು ಹುಡುಗರ ಕೆಲಸ' ಅಂತ ಹೇಳೋಣ ಅಂದರೆ ಅಲ್ಲಿ ಹುಡುಗರೇ ಇರಲಿಲ್ಲ. ಮುಂದೆ ಕಾಲೇಜಿನ ಮೊದಲ ಕಾರ್ಯಕ್ರಮದಲ್ಲಿ ಲೆಕ್ಚರರ್ ಒಬ್ಬರು, 'ಹುಡುಗರು ಬೆಂಚು ತನ್ನಿ, ಹುಡುಗಿಯರು ರಂಗೋಲಿ ಹಾಕಿ' ಅಂದರು. ಅಷ್ಟರಲ್ಲಿ ನಾನು ಮತ್ತು ನನ್ನ ಗೆಳತಿ ಒಂದು ಬೆಂಚನ್ನು ಬಾಗಿಲವರೆಗೆ ತಂದಾಗಿತ್ತು. ಕೆಳಗಿಡಿ ಅಂದರು. ನಾವು ಇಡಲಿಲ್ಲ, ಸ್ಟೇಜಿಗೇ ತಲುಪಿಸಿದೆವು.

ಇನ್ನು ಥ್ರೋಬಾಲ್. ಎರಡೂ ಕೈಯಲ್ಲಿ ಚೆಂಡು ಹಿಡಿಯಬೇಕು, ಮೂರು ಸೆಕೆಂಡಿನೊಳಗೆ ಒಂದೇ ಕೈಯಿಂದ, ಭುಜದ ಮೇಲಿಂದ ಎಸೆಯಬೇಕು. ಕೇಳುವುದಕ್ಕೆ ಸುಲಭ. ಜುಲೈ ತಿಂಗಳಲ್ಲಿ, ಕೆಂಪು ರಾಡಿಯಲ್ಲಿ ಬರಿಗಾಲಲ್ಲಿ ನಿಂತು, ನೆನೆದು ಭಾರವಾದ ಚೆಂಡನ್ನು ಹಿಡಿದು ನೋಡಿ. ನಮ್ಮ ಟೀಮಿನಲ್ಲಿ ಮೀನುಗಾರಿಕೆ ಬಂದರಿರುವ ಬೈತಖೋಲದವಳೊಬ್ಬಳಿದ್ದಳು. ಅಮ್ಮ ಮೀನು ಮಾರುವವರು. ಬೆಳಿಗ್ಗೆ ಬಂದರಿನಲ್ಲಿ ಅಮ್ಮನ ಬಂಗಡೆ ಬುಟ್ಟಿಗಳನ್ನು ಟೆಂಪೋಗೆ ಎತ್ತಿಕೊಟ್ಟು ಶಾಲೆಗೆ ಬರುತ್ತಿದ್ದಳು. ಅವಳು ಸರ್ವಿಸ್‌ಗೆ ಬಂದರೆ ಎದುರಿನವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮಾಲಾದೇವಿ ಮೈದಾನದಲ್ಲಿ ನಾವು ಗೆದ್ದ ಮ್ಯಾಚು ಪೂರ್ತಿ ಅವಳ ಕೈಯದ್ದೇ. ಹತ್ತನೇತಿಯಲ್ಲಿ ಅವಳಿಗೆ ಸೆಕೆಂಡ್ ಕ್ಲಾಸ್. ಆ 625ರಲ್ಲಿ ದೈಹಿಕ ಶಿಕ್ಷಣಕ್ಕೆ ಒಂದು ಅಂಕವೂ ಸೇರುವುದಿಲ್ಲ, ಗ್ರೇಡ್ ಕೊಟ್ಟು ಸುಮ್ನಾಗ್ತಾರೆ. ಗ್ರಾನೈಟ್ ಕಲ್ಲಿನಲ್ಲಿ ಅವಳ ಹೆಸರು ಎಲ್ಲಿಂದ ಬರಬೇಕು? ಅವಳು ಮುಂದೆ ಓದಲೂ ಇಲ್ಲ. ಹತ್ತನೇತಿ ಮುಗಿದ ಮೇಲೆ ಯಾವ ಹುಡುಗಿ ಎಲ್ಲಿಗೆ ಹೋದಳು ಅಂತ ಯಾವ ಶಾಲೆಯೂ ಫ್ಲೆಕ್ಸ್ ಹಾಕುವುದಿಲ್ಲ ಬಿಡಿ.

ಹಾಗಾದರೆ ದುಡ್ಡು ಎಲ್ಲಿಗೆ ಹಾಕಬೇಕು? ನನ್ನ ಉತ್ತರ ಎನ್‌ಎಂಎಂಎಸ್, ಅಂದರೆ ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್. ಎಂಟನೇ ತರಗತಿಯವರು ಬರೆಯುವ ಸ್ಕಾಲರ್‌ಶಿಪ್ ಪರೀಕ್ಷೆ ಇದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಸಿಗುತ್ತದೆ. ನಮ್ಮದು ಅನುದಾನಿತ. ಬೈತಖೋಲದವಳಂಥ ಹುಡುಗಿಯರನ್ನು ಮನೆಯವರು ನಿಲ್ಲಿಸುವುದು ಹತ್ತನೇತಿ ಆದಮೇಲೆ. ಆ ಹೊತ್ತಿಗೆ ಅವಳ ಹೆಸರಿಗೇ ಬ್ಯಾಂಕಿಗೆ ದುಡ್ಡು ಬರುವುದಿದೆ ಅಂದರೆ ಅಪ್ಪನ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಹತ್ತರಲ್ಲಿ ಶೇ 60 ತೆಗೆಯಬೇಕು ಅನ್ನುವ ಷರತ್ತೂ ಇದೆ, ಹಾಗಾಗಿ ಓದುವುದನ್ನೂ ಬಿಡುವಂತಿಲ್ಲ.

ಪರೀಕ್ಷೆ ಕಷ್ಟವೇ. ಎರಡು ಪೇಪರು, ಒಂದು ಪಾಠದ್ದು, ಇನ್ನೊಂದು ತರ್ಕದ್ದು. ಪಾಠದ್ದನ್ನು ಹೇಗೋ ಮಾಡ್ತಾರೆ. ಸಂಖ್ಯೆಯ ಸರಣಿ, ಕನ್ನಡಿಯಲ್ಲಿ ಕಂಡ ಚಿತ್ರ ಯಾವುದು, ಇಂಥವನ್ನು ಹಳ್ಳಿಯ ಪ್ರೈಮರಿಯಿಂದ ಆಗಷ್ಟೇ ಬಂದ ಹುಡುಗಿ ಎಲ್ಲಿ ನೋಡಿರುತ್ತಾಳೆ? ಬುದ್ಧಿ ಇಲ್ಲ ಅಂತಲ್ಲ, ರೂಢಿ ಇಲ್ಲ. ಕೂರಿಸಿಕೊಂಡು ಮಾಡಿಸಬೇಕು ಅಷ್ಟೇ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತರುವುದಕ್ಕೆ ಬೋಟಿಗೆ ಹೋದ ಅಪ್ಪ ಬರುವವರೆಗೆ ಕಾಯುವ ಮನೆಗಳಿವೆ, ಅಲ್ಲೂ ಒಬ್ಬರು ಜೊತೆಗೆ ಓಡಾಡಬೇಕು.

ಇನ್ನೊಂದು, ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಟಿಕೆಟ್ ಇಲ್ಲ, ಒಳ್ಳೆಯದೇ ಆಯ್ತು. ಆದರೆ ಟಿಕೆಟ್ ಇಲ್ಲದಿದ್ದರೆ ಸಾಕಾ, ಬಸ್ಸೂ ಇರಬೇಕಲ್ವಾ? ಕದ್ರಾ ಕಡೆಯ ಹುಡುಗಿಯರು ಆಟದ ಪ್ರಾಕ್ಟೀಸಿಗೆ ನಿಂತರೆ ಬಸ್ಸು ತಪ್ಪುತ್ತದೆ. ಬಸ್ಸಿಗೆ ಹೋದರೆ ಟೀಮಿನಿಂದ ಹೆಸರು ತಪ್ಪುತ್ತದೆ.

'ಕಮಾನಾದರೆ ರಸ್ತೆಯಲ್ಲಿ ಹೋಗುವವರಿಗೂ ಕಾಣ್ತದೆ ಮಾರಾಯ್ತಿ' ಅಂತ ಒಬ್ಬ ಗೆಳತಿ ನಿನ್ನೆ ಫೋನಿನಲ್ಲಿ ಹೇಳಿದಳು. ಕಾಣಲಿ, ಬೇಕಾದವರು ಕಟ್ಟಿಸಲಿ. ನನ್ನ ಪಾಲಿನ ದುಡ್ಡು ಎನ್‌ಎಂಎಂಎಸ್ ಪುಸ್ತಕಕ್ಕೆ ಮತ್ತು ಆಟದ ದಿನಗಳ ಟೆಂಪೋ ಬಾಡಿಗೆಗೆ. ಶಾಲೆಯವರು ಒಪ್ಪಿದ್ದಾರೆ, ಶನಿವಾರ ಮಧ್ಯಾಹ್ನ ಒಂದು ಕ್ಲಾಸ್‌ರೂಮ್ ಕೊಡ್ತಾರಂತೆ. ಕಾರವಾರದಲ್ಲೇ ಇರುವವರು, ಲೆಕ್ಕ ಹೇಳಿಕೊಡಲು ಬರುವವರು ಇನ್‌ಬಾಕ್ಸಿನಲ್ಲಿ ತಿಳಿಸಿ. ಲೆಕ್ಕ ಬಾರದವರೂ ಬನ್ನಿ, ನಾಡಕಚೇರಿಗೆ ಓಡಾಡಲು ಜನ ಬೇಕು.