ಅಪ್ಪ ಇರುವಾಗಲೇ ಪಾಲಿನ ಮಾತು

ಅಪ್ಪ ಗಟ್ಟಿಯಾಗಿರುವಾಗ ಪಾಲಿನ ಮಾತೆತ್ತಿದರೆ "ನಾನು ಯಾವಾಗ ಹೋಗುತ್ತೇನೆ ಎಂದು ಕಾಯುತ್ತಿದ್ದೀರಾ" ಎಂಬ ಮಾತು ಕೇಳಬೇಕು. ಎತ್ತದಿದ್ದರೆ ತಿಥಿ ಊಟದ ಎಲೆ ತೆಗೆಯುವ ಮೊದಲೇ ಜಗಲಿಯಲ್ಲಿ ಜಗಳ. ನಮ್ಮ ಅಪ್ಪ, ದೊಡ್ಡಪ್ಪ ಹಿಡಿದದ್ದು ಎರಡನೆಯ ದಾರಿ. 19 ವರ್ಷ ವಿಭಾಗದ ದಾವೆ ನಡೆಯಿತು. ಪ್ರಾಥಮಿಕ ಡಿಕ್ರಿ ಬಂದ ದಿನ ಅಪ್ಪ ಗೆದ್ದೆವೆಂದು ಬೀದಿಗೆಲ್ಲ ಸಿಹಿ ಹಂಚಿದರು. ಆ ಡಿಕ್ರಿ ಹೇಳುವುದು ಯಾರಿಗೆ ಎಷ್ಟು ಪಾಲು ಎಂದಷ್ಟೇ. ಯಾವ ಬದು ಯಾರದೆಂದು ತಿಳಿಯಲು ಅಂತಿಮ ಡಿಕ್ರಿಗೆ ಮತ್ತೊಂದು ಅರ್ಜಿ, ಅಳತೆ, ಅಲೆದಾಟ. ಅದು ಮುಗಿಯುವಷ್ಟರಲ್ಲಿ ದೊಡ್ಡಪ್ಪನೇ ಇರಲಿಲ್ಲ.

ತಿಪಟೂರು ಕಡೆ ನಮಗೆ 4 ಎಕರೆ 20 ಗುಂಟೆ ತೆಂಗಿನ ತೋಟ, ಒಂದೇ ಬೋರ್‌ವೆಲ್, ಮೂವರು ಮಕ್ಕಳು. ತೀರ್ಪು ಕೊಡದೆ ನಮ್ಮ ನಮ್ಮಲ್ಲೇ ಒಪ್ಪಂದಕ್ಕೆ ತರುವ ಮಧ್ಯಸ್ಥಿಕೆಗೆ ಕೂರೋಣ ಎಂದು ನಾನು ಹೇಳಿದಾಗ ತಮ್ಮ "ಊರ ಹಿರಿಯರಿಲ್ಲವೇ" ಎಂದ. ಇದ್ದಾರೆ. ಆದರೆ ಅವರು ತೀರ್ಪು ಕೊಡುತ್ತಾರೆ, ಆ ತೀರ್ಪಿನಲ್ಲಿ "ಹೆಣ್ಣುಮಗಳಿಗೆ ಮದುವೆಯಲ್ಲೇ ಕೊಟ್ಟಾಯಿತಲ್ಲ" ಎಂಬ ವಾಕ್ಯ ಮೊದಲೇ ಬರೆದಿಟ್ಟಿರುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಖಚಿತಪಡಿಸಿತು. ಅರಳಿಕಟ್ಟೆಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ನಮಗೆ ಸಿಕ್ಕ ಮಧ್ಯಸ್ಥಗಾರ್ತಿ ಮೊದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರು. ಹಾಗೆ ಬೇರೆ ಬೇರೆಯಾಗಿ ಆಡಿದ ಮಾತನ್ನು ನಮ್ಮ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಕಿವಿಗೆ ಹಾಕಲಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಸಿದ್ಧಳಾಗಿದ್ದ ಅಕ್ಕನಿಗೆ, ಮೊದಲು ನಿಮ್ಮದೇ ವಕೀಲರನ್ನು ಕಂಡು ಬನ್ನಿ ಎಂದು ಕಳಿಸಿದರು. ತಮ್ಮನಿಗೆ ಸಿಟ್ಟು ಬಂತು. ನನಗೂ ಸ್ವಲ್ಪ ಬಂತು, ಸುಳ್ಳೇಕೆ ಹೇಳಲಿ.

ನಾವು ಗುಂಟೆ ಲೆಕ್ಕ ಹಾಕುತ್ತಿದ್ದೆವು. ಬಿಕ್ಕಟ್ಟು ಇದ್ದದ್ದು ನೀರಿನಲ್ಲಿ. ಬೋರ್‌ವೆಲ್ ಸಾಲ ತೀರಿಸಿದವನು ತಮ್ಮ. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಟಾರ್ಚು ಹಿಡಿದು ಎದ್ದು ಹೋಗುವವನೂ ಅವನೇ. ಬೆಂಗಳೂರಿನಲ್ಲಿ ಕುಳಿತ ನಾನು "ಸಮಪಾಲು" ಎಂದಾಗಲೆಲ್ಲ ಅವನಿಗೆ ಏನು ಕೇಳಿಸುತ್ತಿತ್ತೆಂದು ಅಂದು ಗೊತ್ತಾಯಿತು.

ಕೊನೆಗೆ ಮಧ್ಯಸ್ಥಗಾರ್ತಿ ಅಪ್ಪನತ್ತ ತಿರುಗಿ, "ನಿಮಗೇನು ಬೇಕು ಯಜಮಾನರೇ?" ಎಂದರು. ನಾವು ಮೂವರೂ ಅದನ್ನು ಕೇಳಿರಲಿಲ್ಲ. ಅಪ್ಪ ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡು, "ಮೋಟಾರು ಮನೆಯ ಪಕ್ಕದ ಹತ್ತು ಮರ ನಾನಿರುವವರೆಗೆ ನನಗಿರಲಿ. ಕಾಯಿ ಕೆಡವಿಸುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ" ಎಂದರು.

ಆಮೇಲಿನದು ಬೇಗ ಸಾಗಿತು. ಬೋರ್‌ವೆಲ್ ಜಂಟಿ, ನೀರಿಗೆ ವಾರದ ಸರದಿ. ನನ್ನ ಪಾಲನ್ನು ತಮ್ಮ 5 ವರ್ಷಗಳಲ್ಲಿ, ಕೊಬ್ಬರಿ ಮಾರಿದ ಹಣದಿಂದ ಕೊಳ್ಳುವುದು. ಅಕ್ಕನ ಪಾಲು ಅಕ್ಕನ ಹೆಸರಿಗೇ. ಜಮೀನು ಭಾಗವಾಗುವ ಮೊದಲು ಅಳೆದು ಕೊಡುವ ಸರ್ವೆ ನಕ್ಷೆಗೆ, ಅಂದರೆ 11ಇ ನಕ್ಷೆಗೆ, ಅರ್ಜಿ ಹಾಕಿದ್ದೇವೆ. ವಿಭಾಗ ಪತ್ರ ನೋಂದಣಿಯಾಗಿ ಮೂವರ ಹೆಸರೂ ಪಹಣಿಯಲ್ಲಿ ಕಾಣುವವರೆಗೆ ನಾನಂತೂ ಸಿಹಿ ಹಂಚುವುದಿಲ್ಲ.

2023ರಲ್ಲಿ ಮಧ್ಯಸ್ಥಿಕೆಗೆಂದೇ ಕಾಯ್ದೆ ಬಂದಿದೆ, ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದಲೂ ಇದೆ. ಆದರೂ ನಮ್ಮ ಜನ ಕೇಸು ಹಾಕಿ, ಸವೆದು, ನ್ಯಾಯಾಧೀಶರು ಕಳಿಸಿದ ಮೇಲೆ ಅಲ್ಲಿಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಮಾತಿಗೆ ಬೇಕಾದ ಮುಖ್ಯ ಮನುಷ್ಯ ಗೋಡೆಯ ಮೇಲಿನ ಫೋಟೋ ಆಗಿರುತ್ತಾನೆ.

ಮನೆಯ ವಿಷಯ ಇನ್ನೂ ಬಾಕಿ ಇದೆ. ಮುಂದಿನ ತಿಂಗಳು ಮತ್ತೆ ಕೂರುತ್ತೇವೆ. ಕೊಬ್ಬರಿ ಅಟ್ಟ ಯಾರಿಗೆ ಎಂದು ಅಕ್ಕ ಈಗಲೇ ಫೋನಿನಲ್ಲಿ ಶುರು ಮಾಡಿದ್ದಾಳೆ.