ನೆಲದೊಳಗಿನ ಸದ್ದು: ನಾವು ಹಾಗೆ ಹೇಳಿಲ್ಲ

ವಿಜಯಪುರದ ಸುತ್ತಲಿನ ಹಳ್ಳಿಗಳಲ್ಲಿ ರಾತ್ರಿ ನೆಲದೊಳಗಿಂದ ಕೇಳುವ ‘ಧಡ್’ ಸದ್ದಿನ ಬಗ್ಗೆ ನಾವು ಜನರ ಅನುಭವ ಬರೆದುಕೊಳ್ಳುತ್ತಿದ್ದೇವೆ. ‘ಜ್ವಾಲಾಮುಖಿ ಏಳುತ್ತದೆ ಅಂತ ಇವರೇ ಹೇಳಿದ್ದಾರೆ’ ಎಂದು ನಮ್ಮ ಹೆಸರಲ್ಲಿ ಒಂದು ವಾಟ್ಸಾಪ್ ಮೆಸೇಜ್ ಈಗ ಓಡಾಡುತ್ತಿದೆ. ಅದು ಸುಳ್ಳು. ಇಲ್ಲಿನ ಕರಿಕಲ್ಲು ಹಳೇ ಲಾವಾ ಅನ್ನೋದು ನಿಜ. ಆದರೆ ಅದು ಆರಿ ಸುಮಾರು 6.5 ಕೋಟಿ ವರ್ಷ ಆಯ್ತು.

ಸಣ್ಣ ಭೂಕಂಪ ಹೆಚ್ಚು ಆಳವಿಲ್ಲದೆ ಆದಾಗ ಅದರ ಅಲೆ ನೆಲ ದಾಟಿ ಗಾಳಿಗೆ ಬರುತ್ತದೆ. ಅದೇ ಸದ್ದಾಗಿ ಕೇಳುತ್ತದೆ. 2021ರಲ್ಲಿ ಜಿಲ್ಲೆಯಲ್ಲಿ ಇಂಥ ಕಂಪನಗಳು ದಾಖಲಾಗಿದ್ದವು. ಹಾಗಂತ ಎಲ್ಲ ಸದ್ದೂ ಭೂಕಂಪವಲ್ಲ, ಕ್ವಾರಿ ಸ್ಫೋಟವೂ ಇರಬಹುದು. ಅದಕ್ಕೇ ಗಂಟೆ ಎಷ್ಟಾಗಿತ್ತು, ಭಾಂಡೆ ಅಲುಗಾಡಿದವಾ ಅಂತ ಕೇಳಿ, ಭೂಕಂಪ ಮಾಪಕದ ದಾಖಲೆ ಜೊತೆ ಹೋಲಿಸುತ್ತೇವೆ.

ಹೆದರಿ ಅಂಗಳದಲ್ಲಿ ಮಲಗಿದ ಅಜ್ಜಿಯನ್ನು ನೋಡಿ ಸುಮ್ನೆ ನಗಬೇಡಿ. ಅವರು ಸದ್ದು ಕೇಳಿದ್ದು ನಿಜ.